ಗಬ್ಬದ ಇಲಿಗೆ ವೈಫೈ: ಶಾಮ್ ಗುಂಪು ಕೊನೆಗೂ ಹದಕ್ಕೆ ಬಂತು

ಗಬ್ಬದ ಇಲಿಗೆ ವೈಫೈ ಸಿಗ್ನಲ್ ತಗುಲಿಸಿ ಮರಿಗಳಿಗೆ ಏನಾಗುತ್ತದೆ ಅಂತ ನೋಡುವ ಪ್ರಯೋಗ ನಮ್ಮದು. ಗುಂಪು ಮೂರು: ಸಿಗ್ನಲ್ ತಗುಲುವುದು, ಉಳಿದೆಲ್ಲ ಹಾಗೇ ಇದ್ದು ಸಿಗ್ನಲ್ ಮಾತ್ರ ಇಲ್ಲದ ಶಾಮ್, ರೌಟರೇ ಇಲ್ಲದ ಕಂಟ್ರೋಲ್. ಸಿಗ್ನಲ್ ಹೀರುವ ಚೇಂಬರ್ ಇಲ್ಲದೆ ದಾವಣಗೆರೆಯಲ್ಲಿ ಈ ಕೆಲಸ ಆಗದು ಅಂದವರೇ ಹೆಚ್ಚು. ಐದನೇ ಬ್ಯಾಚಿನಲ್ಲಿ ಶಾಮ್ ಮರಿಗಳೂ ಕಂಟ್ರೋಲ್ ಮರಿಗಳೂ ತೂಕದಲ್ಲಿ, ಕಣ್ಣು ಬಿಟ್ಟ ದಿನದಲ್ಲಿ ಸರಿಸಮ ಬಂದವು. ಇಲಿ, ಸಿಗ್ನಲ್ ಅಳೆಯುವ ಮೀಟರ್ ಬಿಟ್ಟು ಖರ್ಚು 20 ಸಾವಿರದ ಆಸುಪಾಸು.

ಮೊದಲೆರಡು ಬ್ಯಾಚ್ ದಂಡ. ಸುಮ್ಮನೆ ಆನ್ ಆಗಿರುವ ರೌಟರ್ ಸೆಕೆಂಡಿಗೆ ಸುಮಾರು 10 ಬೀಕನ್ (ನಾನಿದ್ದೇನೆ ಅಂತ ಸಾರುವ ಚಿಕ್ಕ ಸಿಗ್ನಲ್) ಬಿಟ್ಟು ತೆಪ್ಪಗಿರುತ್ತದೆ. ಒಂದು ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ರೌಟರಿಗೆ ಜೋಡಿಸಿ, ಅದರಿಂದ ಇನ್ನೊಂದಕ್ಕೆ ವೈಫೈನಲ್ಲಿ ಫೈಲ್ ಓಡಿಸುತ್ತಲೇ ಇರಬೇಕು. 100 ಮಿಲಿವ್ಯಾಟ್ ಹೊರಟರೆ 30 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 9 ಮೈಕ್ರೋವ್ಯಾಟ್ ಸಿಗಬೇಕು. ಮೀಟರ್ ಮಾತ್ರ ಪಂಜರದ ಒಂದೊಂದು ಮೂಲೆಗೆ ಒಂದೊಂದು ಲೆಕ್ಕ ಹೇಳಿತು. ಸ್ಟೀಲ್ ಮುಚ್ಚಳ, ಬಾಟಲಿಯ ಸ್ಟೀಲ್ ನಳಿಗೆಗೆ ಬಡಿದು ಅಲೆ ವಾಪಸ್ ಬರುತ್ತದೆ, 2.45 ಗಿಗಾಹರ್ಟ್ಸ್‌ನಲ್ಲಿ ಆರಾರು ಸೆಂ.ಮೀ.ಗೆ ಒಂದು ಏರು, ನಡುವೆ ಇಳಿವು. ತೂತು ಕೊರೆದ ಅಕ್ರಿಲಿಕ್ ಮುಚ್ಚಳ ಹಾಕಿ, ಸಿಗ್ನಲ್ ಬಿಡುವ ದಿನದ ಎರಡು ಗಂಟೆ ನೀರಿನ ಬಾಟಲಿ ತೆಗೆದ ಮೇಲೆ ಸರಿಹೋಯಿತು. ಬಾಟಲಿಯನ್ನು ಮೂರೂ ಗುಂಪಿಗೆ ತೆಗೆಯಬೇಕು.

ಶಾಮ್‌ಗೆ ರೌಟರ್ ಆರಿಸಿಡುವುದು ತಪ್ಪು. ಅದರ ಬಿಸಿ, ದೀಪ ಎರಡೂ ಇರಬೇಕು. ಆಂಟೆನಾ ಬಿಚ್ಚಿ ಆ ಜಾಗಕ್ಕೆ ಸಿಗ್ನಲ್ ನುಂಗುವ 50 ಓಮ್ ಲೋಡ್ ಹಾಕಿ. ಗುಂಪುಗಳ ನಡುವೆ ಮಂಡಿಪೇಟೆಯಲ್ಲಿ ಕೊಂಡ ಅಲ್ಯೂಮಿನಿಯಂ ಜಾಲರಿ. ಸೋರುವುದು ಜಾಲರಿಯ ಕಣ್ಣಿಂದಲ್ಲ, ಬಾಗಿಲ ಸಂದಿನಿಂದ. ಆ ಸಂದು ಮುಚ್ಚಿದ ಉಪಾಯ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಏಪ್ರಿಲ್ ಬ್ಯಾಚ್ ಕರೆಂಟ್ ಹೋಗಿ ಕೆಟ್ಟಿತು. ತಾಯಿಗೆ ಸೆಕೆ ಹತ್ತಿದರೆ ಅದೊಂದಕ್ಕೇ ಮರಿ ತೂಕ ಇಳಿಯುತ್ತದೆ, ಸಿಗ್ನಲ್ಲಿನ ಮೇಲೆ ಗೂಬೆ ಕೂರುತ್ತದೆ. ಈಗ ಪಂಜರದೊಳಗೇ ತಾಪ ಬರೆದಿಟ್ಟು, 24 ಡಿಗ್ರಿ ದಾಟಿದ ತಾಯಿಯನ್ನು ಕೈಬಿಡುತ್ತೇವೆ.

ಹಾಸಿಗೆಗೆ ಇಲ್ಲಿ ಅಗ್ಗಕ್ಕೆ ಸಿಗುವ ಮೆಕ್ಕೆಜೋಳದ ಬೆಂಡಿನ ಪುಡಿಯನ್ನೂ ನೋಡಿದೆವು. ಬೇಡವೇ ಬೇಡ, ಅದರಲ್ಲಿರುವ ಅಂಶ ಹೆಣ್ಣಿಲಿಯ ಬೆದೆಯ ಸುತ್ತನ್ನೇ ಕೆಡಿಸುತ್ತದೆ. ಆಟೊಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ) ಭತ್ತದ ಹೊಟ್ಟೇ ವಾಸಿ.

ಸ್ಮಿಯರಿನಲ್ಲಿ, ಅಂದರೆ ಹೆಣ್ಣಿಲಿಯ ಯೋನಿಯಿಂದ ತೆಗೆದು ಗಾಜಿಗೆ ಸವರಿದ ದ್ರವದಲ್ಲಿ, ವೀರ್ಯಾಣು ಕಂಡ ಬೆಳಗು ಸೊನ್ನೆ ದಿನ. 20ಕ್ಕೆ ಸಿಗ್ನಲ್ ನಿಲ್ಲಿಸಿ ತಾಯಿಯನ್ನು ಮುಟ್ಟದೆ ಬಿಡಿ. ಈದ ನಾಲ್ಕನೇ ದಿನ ಸೂಲಿಗೆ ನಾಲ್ಕು ಗಂಡು, ನಾಲ್ಕು ಹೆಣ್ಣು ಉಳಿಸಿ. ಆರು ತಾಯಿಯ 48 ಮರಿಯನ್ನು 48 ಅಂತ ಎಣಿಸಿದ ಮೂರನೇ ಬ್ಯಾಚಿನಲ್ಲಿ ವ್ಯತ್ಯಾಸ ಎದ್ದು ಕಂಡಿತ್ತು. ಒಂದೇ ಸೂಲಿನ ಮರಿಗಳು ಒಂದನ್ನೊಂದು ಹೋಲುವುದರಿಂದ ಸೂಲಿನ ಲೆಕ್ಕಕ್ಕೆ, ಅಂದರೆ ಆರಕ್ಕೆ ಇಳಿಸಿದಾಗ ಮಾಯ. ಇನ್ನು ಹುಟ್ಟಿದ ದಿನವೇ ಮರಿಗಳನ್ನು ಅದಲುಬದಲು ಮಾಡಿ, ತಾಯಿಯ ಆರೈಕೆಯ ಪಾಲೆಷ್ಟು ಅಂತ ನೋಡಬೇಕು.