ಎರೆ ಹೊಲದಲ್ಲಿ ಸಿಕ್ಕ ಇಂಗ್ಲಿಷ್ ಶಬ್ದಗಳು

ಬ್ಯಾಂಕಿನ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರಕ್ಕೆ ಬಂದಾಗ ನನ್ನ ಕೈಗೆ ಮೊದಲು ಸಿಕ್ಕದ್ದು ಜೆರಾಕ್ಸ್ ಮಾಡಿದ ಶಬ್ದಪಟ್ಟಿ. ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ದಿನಕ್ಕೆ 30 ಬಾಯಿಪಾಠ. ನರಗುಂದ ತಾಲೂಕಿನ ಹಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು ನಾನು. ದುಡಿಯಲು ಹೆದರಲಿಲ್ಲ, ಬೆಳಗಿನ ಐದಕ್ಕೆ ಎದ್ದು ಗಟ್ಟಿಯಾಗಿ ಓದುತ್ತಿದ್ದೆ. ಆದರೂ ಭಾನುವಾರ ತಿರುಗಿ ನೋಡಿದರೆ ಸೋಮವಾರದ 30ರಲ್ಲಿ ಐದೋ ಆರೋ ಉಳಿದಿರುತ್ತಿದ್ದವು.

ಮರೆತು ಹೋಗುವುದಾದರೂ ವಾಸಿ, ತಪ್ಪಾಗಿ ನೆನಪಿರುವುದು ಅದಕ್ಕಿಂತ ಕೆಟ್ಟದ್ದು. ಒಂದು ಅಣಕು ಸಂದರ್ಶನದಲ್ಲಿ, ನೀವು ಗೌರವಿಸುವ ಒಬ್ಬರ ಬಗ್ಗೆ ಹೇಳಿ ಅಂದರು. ನಮ್ಮೂರ ಶಾಲೆಯ ಅಕ್ಕೋರನ್ನು ನೆನೆದು ಅವರು ‘ಎಗ್ರೀಜಿಯಸ್’ ಶಿಕ್ಷಕಿ ಎಂದೆ. ಪಟ್ಟಿಯಲ್ಲಿ ಆ ಶಬ್ದದ ಎದುರಿಗೆ ‘ಎದ್ದು ಕಾಣುವ’ ಎಂದಿತ್ತು. ಎದುರಿಗೆ ಕುಳಿತಿದ್ದ ಸರ್ ಮೆಲ್ಲಗೆ ತಿದ್ದಿದರು: ಆ ಶಬ್ದ ಕೆಟ್ಟದ್ದರಲ್ಲಿ ಎದ್ದು ಕಾಣುವುದಕ್ಕೆ, ಘೋರ ತಪ್ಪಿಗೆ, ಘೋರ ಅನ್ಯಾಯಕ್ಕೆ ಬಳಸುವಂಥದ್ದು. ನನಗೆ ಅಕ್ಷರ ಕಲಿಸಿದವರಿಗೆ ಅಂಥ ಮಾತು ಅಂದೆನಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಗ್ರಂಥಾಲಯಕ್ಕೆ ಹೋಗಿ, ಶಬ್ದದ ಹುಟ್ಟನ್ನೂ ಕೊಡುವ ದೊಡ್ಡ ಇಂಗ್ಲಿಷ್ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ ‘ಗ್ರೆಕ್ಸ್’ ಎಂದರೆ ಹಿಂಡು. ‘ಎಗ್ರೀಜಿಯಸ್’ ಎಂದರೆ ಹಿಂಡು ಬಿಟ್ಟು ಹೊರಗೆ ನಿಂತದ್ದು. ಮೊದಲು ಹೊಗಳಿಕೆಗೂ ನಡೆಯುತ್ತಿತ್ತು, ಬರಬರುತ್ತ ಬೈಗುಳಕ್ಕೆ ಮಾತ್ರ ಉಳಿಯಿತು. ಅಲ್ಲೇ ಕುಳಿತು ಉಳಿದವನ್ನೂ ಹುಡುಕಿದೆ. ಹಿಂಡಿನೊಳಗೆ ಇರಲು ಇಷ್ಟಪಡುವವರು ‘ಗ್ರಿಗೇರಿಯಸ್’. ಹಿಂಡಿನಿಂದ ಬೇರ್ಪಡಿಸಿದರೆ ‘ಸೆಗ್ರಿಗೇಟ್’. ಕಸದ ಗಾಡಿಯವರು ಹಸಿ ಕಸ, ಒಣ ಕಸ ಬೇರೆ ಮಾಡಿರಿ ಅನ್ನುವುದು ಅದನ್ನೇ. ಒಂದೆಡೆ ಕೂಡಿದರೆ ‘ಕಾಂಗ್ರಿಗೇಟ್’, ಎಲ್ಲ ಕೂಡಿಸಿದ ಮೊತ್ತ ‘ಅಗ್ರಿಗೇಟ್’. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಆ ಹಿಂಡು ಕಣ್ಣ ಮುಂದೆ ಬಂತು, ಐದು ಶಬ್ದಗಳೂ ಅದರ ಜೊತೆಗೇ ಬಂದವು. ಇಂದಿಗೂ ಅವುಗಳಲ್ಲಿ ಒಂದನ್ನೂ ಮರೆತಿಲ್ಲ.

ಅಂದಿನಿಂದ ಪಟ್ಟಿ ಬಿಟ್ಟೆ. ಹೊಲದ ಶಬ್ದ ಹಿಡಿದು ಇಂಗ್ಲಿಷಿನ ಕಡೆಗೆ ಹೋಗತೊಡಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ಕೋಶ ಇದಕ್ಕೆ ಬಹಳ ನೆರವಾಯಿತು. ಎಲ್ಲರೂ ಇಂಗ್ಲಿಷಿನಿಂದ ಕನ್ನಡಕ್ಕೆ ಹುಡುಕುತ್ತಾರೆ. ಅವರ ಕೋಶ ನನ್ನ ಶಬ್ದದಿಂದ ಶುರುವಾಗುತ್ತದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ಹಾದು ಹೋಗುವಾಗೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಎಷ್ಟು ಸಿಕ್ಕವೆಂದರೆ ನನಗೇ ಬೆರಗು. ರಾಶಿ ಆದ ಮೇಲೆ ಹೊಲದಲ್ಲಿ ಉಳಿದ ತೆನೆ ಆರಿಸುವುದಕ್ಕೆ ನಾವು ಹಕ್ಕಲಾಯುವುದು ಅನ್ನುತ್ತೇವೆ; ಅದೇ ‘ಗ್ಲೀನ್’. ಅಲ್ಲಿಷ್ಟು ಇಲ್ಲಿಷ್ಟು ಮಾಹಿತಿ ಕಲೆಹಾಕುವುದಕ್ಕೂ ಅದನ್ನೇ ಬಳಸುತ್ತಾರೆ. ಕೂರಿಗೆ ಹಿಡಿಯದೆ ಬೀಜವನ್ನು ಕೈಯಿಂದ ಎರಚುವುದು ‘ಬ್ರಾಡ್‌ಕಾಸ್ಟ್’. ಆಕಾಶವಾಣಿಗೆ ಆ ಶಬ್ದ ಬಂದದ್ದು ಆಮೇಲೆ. ಹೆಂಟೆ ಒಡೆದು ನೆಲ ಕೆರೆಯುವ, ನಮ್ಮ ಕುಂಟೆಯಂಥ ಸಲಕರಣೆ ‘ಹ್ಯಾರೋ’. ಎದೆಯ ಮೇಲೆ ಅದು ಹರಿದಂಥ ಸಂಕಟ ‘ಹ್ಯಾರೋಯಿಂಗ್’. ಲ್ಯಾಟಿನ್ನಿನ ‘ಲೀರಾ’ ಎಂದರೆ ನೇಗಿಲ ಸಾಲು, ಸಾಲು ಬಿಟ್ಟು ಹೋಗುವುದು ‘ಡಿಲಿರಿಯಂ’, ಜ್ವರ ತಲೆಗೇರಿ ಬಡಬಡಿಸುವುದು. ನಮ್ಮಲ್ಲೂ ತಾಳ ತಪ್ಪಿದ, ದಾರಿ ತಪ್ಪಿದ ಅನ್ನುವುದಿಲ್ಲವೇ? ‘ಟ್ರಿಬ್ಯುಲೇಷನ್’ ಹುಟ್ಟಿದ್ದು ಕಣದಲ್ಲಿ. ರೋಮನ್ನರು ತಳಕ್ಕೆ ಚೂಪು ಕಲ್ಲು ಕೂರಿಸಿದ ಹಲಗೆಯನ್ನು ತೆನೆಗಳ ಮೇಲೆ ಎಳೆಯುತ್ತಿದ್ದರು, ಅದು ‘ಟ್ರಿಬ್ಯುಲಂ’. ನಾನು ಹುಟ್ಟುವ ಹೊತ್ತಿಗೆ ರಾಶಿ ಮಷಿನ್ ಬಂದಿತ್ತು. ಆದರೆ ಮೇಟಿಯ ಸುತ್ತ ಎತ್ತು ತಿರುಗುವ ಹಂತಿಯನ್ನೂ, ರಾತ್ರಿಯಿಡೀ ಹಾಡುವ ಹಂತಿ ಪದಗಳನ್ನೂ ಅಜ್ಜಿ ಹೇಳುತ್ತಿದ್ದಳು. ಎತ್ತಿನ ಗೊರಸಿನ ಕೆಳಗಿನ ತೆನೆಯ ಪಾಡು ನೆನೆದರೆ ಆ ಶಬ್ದಕ್ಕೆ ಬೇರೆ ಅರ್ಥ ಬರೆಯಬೇಕಿಲ್ಲ.

ನೊಗದ ಕಥೆ ಇನ್ನೂ ದೊಡ್ಡದು. ಲ್ಯಾಟಿನ್ನಿನ ‘ಯುಗುಂ’ ಎಂದರೆ ನೊಗ, ಸಂಸ್ಕೃತದ ‘ಯುಗ’ಕ್ಕೂ ನೊಗ ಎಂಬ ಅರ್ಥವಿದೆ, ಎರಡೂ ಒಂದೇ ಬೇರಿನವು. ನೊಗದ ಕೆಳಗೆ ತಂದರೆ ‘ಸಬ್ಜುಗೇಟ್’, ಅಧೀನ ಮಾಡಿಕೊಳ್ಳುವುದು. ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರೆ ‘ಕಾಂಜುಗಲ್’, ದಾಂಪತ್ಯದ್ದು. ಅಗ್ನಿಗೆ ‘ಇಗ್ನೈಟ್’, ದಂತಕ್ಕೆ ‘ಡೆಂಟಲ್’, ನಾವೆಗೆ ‘ನೇವಲ್’ ಹೀಗೇ ನೆಂಟರು. ಕನ್ನಡದಲ್ಲಿ ಓದಿದವರಿಗೆ ಈ ಸಂಸ್ಕೃತ ಶಬ್ದಗಳು ಮೊದಲೇ ಗೊತ್ತು. ನಾವು ಬರಿಗೈಲಿ ಇಂಗ್ಲಿಷಿಗೆ ಹೋಗುವವರಲ್ಲ ಎಂದು ನನಗೆ ಧೈರ್ಯ ಬಂದದ್ದು ಆಗಲೇ.

ಆದರೆ ಚಂದದ ಕಥೆಯೆಲ್ಲ ನಿಜವಲ್ಲ. ‘ಸಿನ್ಸಿಯರ್’, ಅಂದರೆ ಪ್ರಾಮಾಣಿಕ, ಎಂಬ ಶಬ್ದ ಹುಟ್ಟಿದ್ದು ಬಿರುಕು ಮುಚ್ಚಲು ಮೇಣ ಹಚ್ಚದ ಮೂರ್ತಿಯಿಂದ ಎಂದು ಯಾರೋ ಹೇಳಿದ್ದನ್ನು ನಂಬಿ ಗೆಳತಿಯರಿಗೂ ಹೇಳಿದ್ದೆ. ನಿಘಂಟು ಅದನ್ನು ಒಪ್ಪುವುದಿಲ್ಲ. ಹುಟ್ಟು ಗೊತ್ತಾದ ಮಾತ್ರಕ್ಕೆ ಇವತ್ತಿನ ಬಳಕೆ ಗೊತ್ತಾಗುವುದೂ ಇಲ್ಲ. ಆ ಪಾಠವನ್ನು ‘ಎಗ್ರೀಜಿಯಸ್’ ನನಗೆ ಕಲಿಸಿತ್ತು. ಹಾಗಾಗಿ ಪ್ರತಿ ಶಬ್ದದ ಜೊತೆ ಅದು ಯಾವ ಶಬ್ದಗಳ ಪಕ್ಕದಲ್ಲಿ ಕೂರುತ್ತದೆ ಎಂದು ಬರೆದುಕೊಳ್ಳತೊಡಗಿದೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಒಂದು ಶಬ್ದ ಮೂರು ಬೇರೆ ಬೇರೆ ದಿನ ಕಂಡರೆ ಮಾತ್ರ ಅದಕ್ಕೆ ಕಾರ್ಡ್. ಕಾರ್ಡಿನ ಮುಂದೆ ಶಬ್ದ. ಹಿಂದೆ ಪತ್ರಿಕೆಯ ವಾಕ್ಯ, ಹೊಲದ್ದೋ ಮನೆಯದ್ದೋ ಚಿತ್ರ, ನನ್ನದೇ ಒಂದು ವಾಕ್ಯ. ದಿನಕ್ಕೆ 30ರ ಬದಲು ನಾಲ್ಕೈದು ಶಬ್ದ.

ಕಾರ್ಡ್ ಇಡಲು ಮೂರು ಖಾಲಿ ಪೇಡೆ ಡಬ್ಬಿ. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ನೆನಪಿದ್ದರೆ ಕಾರ್ಡ್ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಹುಬ್ಬಳ್ಳಿಗೆ ಮಾದರಿ ಪರೀಕ್ಷೆ ಬರೆಯಲು ಹೋಗುವಾಗ ಚಿಗರಿ ಬಸ್ಸಿನಲ್ಲಿ ಒಂದು ಡಬ್ಬಿ ಮುಗಿಯುತ್ತಿತ್ತು.

ಈಗ ಹಾವೇರಿಯಲ್ಲಿ ಬ್ಯಾಂಕ್ ಕೆಲಸ, ಡಬ್ಬಿಗಳೂ ಜೊತೆಗೇ ಬಂದಿವೆ. ಹೋದ ತಿಂಗಳು ‘ಆಫ್ಟರ್‌ಮ್ಯಾತ್’ ಸಿಕ್ಕಿತು. ಅನಾಹುತದ ನಂತರದ ಸ್ಥಿತಿ ಎಂಬ ಅರ್ಥ ಗೊತ್ತಿತ್ತು. ಹಳೆಯ ಅರ್ಥ ಮಾತ್ರ ಹುಲ್ಲು ಕೊಯ್ದ ಮೇಲೆ ಮತ್ತೆ ಚಿಗುರಿದ ಬೆಳೆ. ನಮ್ಮಲ್ಲಿ ಇದಕ್ಕೇನನ್ನುತ್ತಾರೆ ಎಂದು ಅಪ್ಪನಿಗೆ ಫೋನ್ ಮಾಡಿ ಕೇಳಿದೆ.

“ಜ್ವಾಳಾ ಕೊಯ್ದ ಮ್ಯಾಲೆ ಬುಡದಾಗ ಚಿಗೀತೈತಲ್ಲ, ಅದಕ್ಕ ಕೂಳಿ ಅಂತಾರ ಯವ್ವಾ. ಅದರಾಗ ದನಾ ಬಿಡಬಾರದು ನೋಡು. ಎಳೀ ಚಿಗರ ತಿಂದ್ರ ಅಲ್ಲೇ ಬಿದ್ದು ಸತ್ತಹೋಗ್ತಾವ.”

ಜೋಳದ ಎಳೆ ಚಿಗುರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ ಎಂದು ಓದಿದ್ದೆ, ಆದರೆ ಈ ಶಬ್ದದ ಪಕ್ಕ ಅದನ್ನು ಇಟ್ಟು ನೋಡಿರಲಿಲ್ಲ. ಕೊಯ್ಲು ಮುಗಿಯಿತು ಅಂದುಕೊಂಡ ಮೇಲೆ ಹೊಲದಲ್ಲಿ ಹಸಿರಾಗಿ ಏಳುವ ವಿಷ. ಇಂಗ್ಲಿಷರಿಗೆ ಆ ಅರ್ಥ ಬಂದದ್ದು ನಮ್ಮ ಜೋಳದಿಂದಲ್ಲ, ಅದು ಗೊತ್ತು. ನನ್ನ ಕಾರ್ಡಿನ ಹಿಂದೆ ಮಾತ್ರ ಅಪ್ಪ ಹೇಳಿದ್ದನ್ನೇ ಬರೆದು ಮೊದಲ ಡಬ್ಬಿಗೆ ಹಾಕಿದೆ.