ಬರ್ಲಿನ್‌ಗೆ ಹೋದರೆ ಹೆಲ್ಮುಟ್ ನ್ಯೂಟನ್ ಮ್ಯೂಸಿಯಂ ನೋಡುವುದು ಹೀಗೆ

ಫ್ಯಾಷನ್ ಫೋಟೋಗಳನ್ನು ಫೋನಿನಲ್ಲಿ ದಿನಾ ನೋಡುತ್ತೇವೆ, ಫ್ಯಾಷನ್ ಫೋಟೋಗ್ರಾಫರ್ ಹೆಲ್ಮುಟ್ ನ್ಯೂಟನ್ ಅವರ ಮ್ಯೂಸಿಯಂಗೆ ದುಡ್ಡು ಕೊಟ್ಟು ಯಾಕೆ ಹೋಗಬೇಕು ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. ಫೋನಿನಲ್ಲಿ ಎಲ್ಲಾ ಫೋಟೋನೂ ಒಂದೇ ಸೈಜು. ಗೋಡೆಯ ಮೇಲೆ ಹಾಗಲ್ಲ.

ಜೂಲೋಗಿಷರ್ ಗಾರ್ಟನ್ ಸ್ಟೇಷನ್ನಿನಲ್ಲಿ ಇಳಿದು, ಜನಜಂಗುಳಿ ಇರುವ ಮುಂದಿನ ಕಡೆ ಬಿಟ್ಟು ಹಿಂದುಗಡೆ ಯೆಬೆನ್ಸ್ ರಸ್ತೆಗೆ ಬನ್ನಿ. ಮ್ಯೂಸಿಯಂ ಎದುರಿಗೇ ಇದೆ. ಸೋಮವಾರ ರಜೆ. ಪ್ರದರ್ಶನ ಬದಲಾಯಿಸುವಾಗ ಕೆಲವು ಹಾಲ್ ಮುಚ್ಚಿರಬಹುದು, ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ.

ಒಳಗೆ ಹೋಗುವ ಮುಂಚೆ ತಿರುಗಿ ಒಮ್ಮೆ ಸ್ಟೇಷನ್ ಕಡೆ ನೋಡಿ. ನ್ಯೂಟನ್ 1920ರಲ್ಲಿ ಇದೇ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಇವಾ ಅನ್ನುವ ಹೆಸರಾಂತ ಫೋಟೋಗ್ರಾಫರ್ ಹತ್ತಿರ ಹುಡುಗನಾಗಿದ್ದಾಗಲೇ ಕೆಲಸ ಕಲಿತರು. 1938ರ ಡಿಸೆಂಬರಿನಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ರೈಲು ಹತ್ತಿದ್ದು ಈ ಸ್ಟೇಷನ್ನಿನಲ್ಲೇ. ಇವಾ ಅಲ್ಲೇ ಉಳಿದರು, ನಾಜಿಗಳು ಅವರನ್ನು ಕೊಂದರು. ನ್ಯೂಟನ್ 2003ರಲ್ಲಿ ತಮ್ಮ ಫೋಟೋಗಳನ್ನು ಅದೇ ಬರ್ಲಿನ್‌ಗೆ ಕೊಟ್ಟರು, 2004ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಮ್ಯೂಸಿಯಂ ತೆರೆದಿದ್ದು ಆಮೇಲೆ, ಜೂನ್‌ನಲ್ಲಿ.

ಈಗ ಒಂದು ಎಚ್ಚರಿಕೆ. ಬಾಗಿಲು ದಾಟಿ ಮೆಟ್ಟಿಲ ಹತ್ತಿರ ಬಂದರೆ ಆಳೆತ್ತರಕ್ಕಿಂತ ದೊಡ್ಡ ಫೋಟೋಗಳಲ್ಲಿ ಬೆತ್ತಲೆ ಹೆಂಗಸರು ನೇರವಾಗಿ ನಿಮ್ಮನ್ನೇ ನೋಡುತ್ತಾ ನಿಂತಿರುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲಾಂದ್ರೆ ಅವರನ್ನು ಪಕ್ಕದ ಜೂಗೆ ಕಳಿಸಿ. ತಮಾಷೆ ಅಲ್ಲ. ಜರ್ಮನ್ ಪೊಲೀಸರು ಭಯೋತ್ಪಾದಕರನ್ನು ಗುರುತಿಸಲು ಇಟ್ಟುಕೊಂಡಿದ್ದ ಆಳೆತ್ತರದ ಫೋಟೋಗಳನ್ನು ನೋಡಿ ನ್ಯೂಟನ್‌ಗೆ ಈ ಬೆತ್ತಲೆ ಫೋಟೋಗಳ ಸರಣಿ ಹೊಳೆದಿದ್ದು.

ನನ್ನ ಸಲಹೆ, ಮೊದಲು ಮೇಲಿನ ಮಹಡಿಗೆ ಹೋಗಿ. ಬದಲಾಗುವ ಪ್ರದರ್ಶನಗಳು ಅಲ್ಲಿರುತ್ತವೆ, ಕಣ್ಣು ದಣಿಯುವ ಮುಂಚೆ ಅದನ್ನು ಮುಗಿಸಿ. ನ್ಯೂಟನ್ ಅವರ ಕ್ಯಾಮೆರಾ ಮತ್ತು ಮಾಂಟೆ ಕಾರ್ಲೋದಲ್ಲಿದ್ದ ಅವರ ಆಫೀಸನ್ನು ಮತ್ತೆ ಜೋಡಿಸಿಟ್ಟಿರುವ ಕೆಳಗಿನ ಭಾಗಕ್ಕೆ ಕೊನೆಯಲ್ಲಿ ಬಂದರೂ ಸಾಕು.

ಫೋಟೋ ಪಕ್ಕದ ಬೋರ್ಡು ಮೊದಲೇ ಓದಬೇಡಿ. ಫೋಟೋ ನೋಡಿ, ಆಮೇಲೆ ಓದಿ. ಓದುವಾಗ ವರ್ಷದ ಮೇಲೆ ಕಣ್ಣಿಡಿ, ಕೆಲವು ಕಡೆ ಎರಡು ವರ್ಷ ಇರುತ್ತದೆ: ಫೋಟೋ ತೆಗೆದಿದ್ದು ಒಂದು, ಪ್ರಿಂಟ್ ಹಾಕಿದ್ದು ಇನ್ನೊಂದು. ತೆಗೆದ ಕಾಲದಲ್ಲೇ ಹಾಕಿದ ಪ್ರಿಂಟು ಸಾಮಾನ್ಯವಾಗಿ ಚಿಕ್ಕದು, ಪತ್ರಿಕೆಗೆ ಕಳಿಸಲು ಮಾಡಿದ್ದು. ದೊಡ್ಡದು ಗೋಡೆಗಾಗಿ ಆಮೇಲೆ ಮಾಡಿದ್ದು. ಪೋಲರಾಯ್ಡ್‌ಗಳು, ಅಂದರೆ ತೆಗೆದ ಕೂಡಲೇ ಕೈಗೆ ಬರುವ ಫೋಟೋಗಳು, ಸಿಕ್ಕರೆ ಬಿಡಬೇಡಿ. ನಿಜವಾದ ಶೂಟ್‌ಗೆ ಮುಂಚೆ ಬೆಳಕು, ಭಂಗಿ ಸರಿ ಇದೆಯಾ ಅಂತ ನೋಡಲು ತೆಗೆದವು ಅವು, ಕೆಲವದರ ಅಂಚಿನಲ್ಲಿ ಅವರೇ ಗೀಚಿದ ಟಿಪ್ಪಣಿಯೂ ಇರುತ್ತದೆ.

ಯಾವ ಫೋಟೋ ಯಾವಾಗ ಇರುತ್ತೆ ಅನ್ನೋದು ಬದಲಾಗುತ್ತಾ ಇರುತ್ತದೆ, ಆದರೆ ಎರಡನ್ನು ಹುಡುಕಿ. ಒಂದು, 1975ರಲ್ಲಿ ಫ್ರೆಂಚ್ ವೋಗ್ ಅನ್ನುವ ಫ್ಯಾಷನ್ ಪತ್ರಿಕೆಗೆ ಪ್ಯಾರಿಸ್‌ನ ಓಬ್ರಿಯೊ ಬೀದಿಯಲ್ಲಿ ತೆಗೆದದ್ದು. ರಾತ್ರಿ, ಖಾಲಿ ರಸ್ತೆ, ಬೀದಿದೀಪ. ಡಿಸೈನರ್ ಈವ್ ಸಾಂ ಲೋರಾಂ ಮಾಡಿದ, ಗಂಡಸರ ಸೂಟಿನಂಥ ಸೂಟು ಹಾಕಿಕೊಂಡ ಹೆಂಗಸು, ಒಂದು ಕೈ ಜೇಬಲ್ಲಿ, ಇನ್ನೊಂದರಲ್ಲಿ ಸಿಗರೇಟು. ಸೂಟಿನ ಕಪ್ಪು ಎಲ್ಲಿ ಮುಗಿದು ರಾತ್ರಿಯ ಕಪ್ಪು ಎಲ್ಲಿ ಶುರುವಾಗುತ್ತದೆ ಅನ್ನುವುದು ಹತ್ತಿರ ಹೋದರೇನೇ ಗೊತ್ತಾಗೋದು. ಫೋನಿನಲ್ಲಿ ಅದು ಬರೀ ಮಸಿ.

ಇನ್ನೊಂದು 1981ರ ಜೋಡಿ ಫೋಟೋ. ನಾಲ್ವರು ಹೆಂಗಸರು ನಡೆದು ಬರುತ್ತಿದ್ದಾರೆ, ಒಂದರಲ್ಲಿ ಬಟ್ಟೆ ಇದೆ, ಇನ್ನೊಂದರಲ್ಲಿ ಬಟ್ಟೆ ಇಲ್ಲ, ಹೀಲ್ಸ್ ಮಾತ್ರ. ಎರಡರ ಮಧ್ಯೆ ನಿಂತು ಒಂದೊಂದೇ ಕಾಲು, ಒಂದೊಂದೇ ಭುಜ ಹೋಲಿಸಿ ನೋಡಿ. ಭಂಗಿ ಹೆಚ್ಚು ಕಡಿಮೆ ಒಂದೇ, ಆದರೆ ಪೂರ್ತಿ ಒಂದೇ ಅಲ್ಲ. ಬಟ್ಟೆ ತೆಗೆದರೂ ಇವರ ಧಿಮಾಕು ಒಂದು ಚೂರೂ ಕಡಿಮೆ ಆಗಿಲ್ಲ ಅಂತ ನನಗೆ ಅನ್ನಿಸಿತು. ಎಲ್ಲರಿಗೂ ಹಾಗೆ ಅನ್ನಿಸಬೇಕಿಲ್ಲ. ನ್ಯೂಟನ್ ಫೋಟೋಗಳು ಹೆಂಗಸರ ವಿರೋಧಿ ಅನ್ನುವ ಅರ್ಥದಲ್ಲಿ ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ಫ್ರೆಂಚ್ ಟಿವಿಯಲ್ಲಿ ಅವರ ಮುಖಕ್ಕೇ ಹೇಳಿದ್ದರು. ಜೊತೆಗೆ ಬಂದವರ ಹತ್ತಿರ ಇದರ ಬಗ್ಗೆ ಜಗಳ ಆಡಿ, ಸುಮ್ನೆ ಚೆನ್ನಾಗಿದೆ ಅಂತ ತಲೆ ಆಡಿಸಿಕೊಂಡು ಬರಬೇಡಿ.

ಹಳೇ ಪತ್ರಿಕೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಬಗ್ಗಿ ನೋಡಿ. ಫೋಟೋಗೆ ದುಡ್ಡು ಬಂದಿದ್ದು ಆ ಪುಟದಿಂದ, ಅಲ್ಲಿ ಅದು ಅಚ್ಚಾಗಿದ್ದು ಪಕ್ಕದ ಬರಹದ ಜೊತೆಗೆ, ನಡುವೆ ಪುಟ ಮಡಚಿದ ಗೆರೆಯ ಜೊತೆಗೆ.

ಕೊನೆಗೆ ಅಂಗಡಿ. ಪೋಸ್ಟ್‌ಕಾರ್ಡ್ ತಗೊಳ್ಳಿ, ಸಾಕು. 1999ರಲ್ಲಿ ಟಾಷೆನ್ ಪ್ರಕಾಶನ ತಂದ ನ್ಯೂಟನ್ ಅವರ ದೊಡ್ಡ ಪುಸ್ತಕದ ತೂಕವೇ ಸುಮಾರು 30 ಕಿಲೋ, ಅದರ ಜೊತೆ ಒಂದು ಸ್ಟ್ಯಾಂಡೂ ಕೊಟ್ಟಿದ್ದರು. ವಿಮಾನದಲ್ಲಿ ಅಷ್ಟು ಲಗೇಜಿಗೆ ಬಿಡಲ್ಲ ಅಲ್ವಾ.