ಟ್ಯಾಂಕ್ ಖಾಲಿ ಮಾಡಿಸುವ ಮುಂಚೆ ಟ್ರ್ಯಾಪ್ ನೋಡಿ: ನನ್ನ ಅನುಭವ

ಬಾತ್‌ರೂಮಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಶುರುವಾದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಸೆಪ್ಟಿಕ್ ಟ್ಯಾಂಕ್ ತುಂಬಿದೆ, ಖಾಲಿ ಮಾಡಿಸಿ. ನನಗೆ ಅನುಮಾನ ಇತ್ತು. ಟ್ಯಾಂಕ್ ತುಂಬಿ ಪೈಪ್ ಕಟ್ಟಿದ್ದರೆ ಮನೆಯಲ್ಲೆಲ್ಲಾ ನೀರು ನಿಧಾನವಾಗಿ ಹೋಗಬೇಕು. ಎಲ್ಲಕ್ಕಿಂತ ತಗ್ಗಿನ ಜಾಲರಿಯಲ್ಲಿ ನೀರು ಮೇಲೆ ಬರಬೇಕು. ಇಲ್ಲಿ ಅದ್ಯಾವುದೂ ಇರಲಿಲ್ಲ, ಬರೀ ವಾಸನೆ.

ಹಾಗಾಗಿ ಟ್ರ್ಯಾಪ್‌ನಿಂದ ಶುರು ಮಾಡಿದೆ. ಟ್ರ್ಯಾಪ್ ಅಂದರೆ ನೆಲದ ಜಾಲರಿಯ ಕೆಳಗೆ, ಸಿಂಕ್ ಅಡಿಯಲ್ಲಿ ಇರುವ ಬಾಗಿದ ಪೈಪು. ಅದರಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರ್ ನೀರು ನಿಂತಿರಬೇಕು. ಕೊಳಚೆ ಪೈಪಿನ ಗ್ಯಾಸ್ ಒಳಗೆ ಬರದಂತೆ ತಡೆಯುವುದು ಆ ನೀರೇ. ಬಳಸದ ಬಾತ್‌ರೂಮಿನಲ್ಲಿ ಅದು ಆರಿಹೋಗುತ್ತದೆ. ಒಂದು ಮಗ್ ನೀರು ಸುರಿದರೆ ಸಾಕು, ಎಷ್ಟೋ ಮನೆಗಳ ವಾಸನೆ ಅಲ್ಲಿಗೇ ಮುಗಿಯುತ್ತದೆ.

ನಮ್ಮಲ್ಲಿ ಮುಗಿಯಲಿಲ್ಲ. ಎಲ್ಲಾ ಟ್ರ್ಯಾಪ್‌ಗೂ ನೀರು ಹಾಕಿ, ಜಾಲರಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದು ಒಂದೊಂದೇ ಬಿಚ್ಚಿದೆ. ಈ ಗ್ಯಾಸಿಗೆ ಮೂಗು ಬೇಗ ಒಗ್ಗಿಬಿಡುತ್ತದೆ, ಒಳಗೇ ಇದ್ದರೆ ವಾಸನೆ ಹೋಯಿತು ಅಂತಲೇ ಅನಿಸುತ್ತದೆ. ವಾಸನೆ ಬಂದದ್ದು ಕಮೋಡ್ ಪಕ್ಕದ ಜಾಲರಿಯಿಂದ. ಅದು ದಿನಾ ನೀರು ಬೀಳುವ ಜಾಗ, ಸುಮ್ನೆ ಆರುವ ಹಾಗೇ ಇಲ್ಲ.

ಜಾಲರಿ ತೆಗೆದು ಟಾರ್ಚ್ ಹಿಡಿದು ಕೂತೆ, ಮಗನಿಗೆ ಫ್ಲಶ್ ಮಾಡಲು ಹೇಳಿದೆ. ಟ್ರ್ಯಾಪ್‌ನಲ್ಲಿ ನಿಂತ ನೀರು ಮೊದಲು ನಡುಗಿತು. ಆಮೇಲೆ ಬೋರಲು ಹಾಕಿದ ಬಾಟಲಿಯ ಹಾಗೆ ಗುಳುಗುಳು ಅಂತು. ನೋಡ್ತಾ ನೋಡ್ತಾ ಅರ್ಧ ನೀರು ಒಳಗೆ ಎಳೆದುಕೊಂಡು ಹೋಯಿತು. ಅಲ್ಲಿಗೆ ವಿಷಯ ಗೊತ್ತಾಯಿತು. ಫ್ಲಶ್ ನೀರು ಇಳಿಯುವಾಗ ಹಿಂದೆ ಗಾಳಿ ಬೇಕು. ಅದು ವೆಂಟ್ ಪೈಪಿನಿಂದ, ಅಂದರೆ ಕೊಳಚೆ ಪೈಪಿಗೆ ಗಾಳಿಯಾಡಲು ತಾರಸಿಯ ಮೇಲೆ ತೆರೆದಿಡುವ ಪೈಪಿನಿಂದ, ಸಿಗದಿದ್ದರೆ ಟ್ರ್ಯಾಪ್ ಮೂಲಕವೇ ಎಳೆಯುತ್ತದೆ.

ತಾರಸಿಗೆ ಹೋಗಿ ನೋಡಿದರೆ ವೆಂಟ್ ಪೈಪಿನ ಟೊಪ್ಪಿಯ ಸೊಳ್ಳೆ ಪರದೆ ಧೂಳು, ಜೇಡರ ಬಲೆ, ಒಣ ಎಲೆ ಸೇರಿ ರಟ್ಟಿನಂತಾಗಿತ್ತು. ಅದನ್ನು ಕಿತ್ತು ತೊಳೆದೆ. ಪೈಪಿನೊಳಗೆ ಹೋಸ್‌ನಿಂದ ನೀರು ಬಿಟ್ಟೆ, ತಡೆಯಿಲ್ಲದೆ ಇಳಿಯಿತು. ಮತ್ತೆ ಟಾರ್ಚ್ ಹಿಡಿದು ಫ್ಲಶ್ ಮಾಡಿಸಿದಾಗ ಟ್ರ್ಯಾಪ್ ನೀರು ಸ್ವಲ್ಪ ಅಲುಗಾಡಿತು, ಅಷ್ಟೇ. ವಾಸನೆ ಮತ್ತೆ ಬರಲಿಲ್ಲ.

ಸಮಾಧಾನಕ್ಕೆ ಟ್ಯಾಂಕನ್ನೂ ನೋಡಿದೆ. ನೀರು ಹೊರಹೋಗುವ ಪೈಪಿನ ತಳಮಟ್ಟಕ್ಕೆ ಸರಿಯಾಗಿ ನಿಂತಿತ್ತು, ಇರಬೇಕಾದದ್ದೂ ಅಲ್ಲೇ. ಅದಕ್ಕಿಂತ ಮೇಲಿದ್ದರೆ ಆ ಪೈಪ್ ಅಥವಾ ಇಂಗುಗುಂಡಿ ಕಟ್ಟಿದೆ ಎಂದರ್ಥ. ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ. ಮನೆಯಿಂದ ಟ್ಯಾಂಕಿಗೆ ಹೋಗುವ ದಾರಿಯ ಚೇಂಬರನ್ನೂ ಹೀಗೇ ಓದಬಹುದು: ತುಂಬಿದ್ದರೆ ತಡೆ ಅದರಾಚೆ, ಖಾಲಿಯಿದ್ದೂ ಮನೆಯಲ್ಲಿ ನೀರು ನಿಂತಿದ್ದರೆ ತಡೆ ಈಚೆ.

ಮುಚ್ಚಳ ತೆಗೆಯುವಾಗ ಪಕ್ಕಕ್ಕೆ ನಿಲ್ಲಿ, ಬಗ್ಗಬೇಡಿ, ಬೆಂಕಿಕಡ್ಡಿ ಗೀರಲೇಬೇಡಿ. ಒಳಗಿನ ಮೀಥೇನ್ ಹತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಿದ್ದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ನೀವು ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಹಾಗೇ ಸತ್ತಿದ್ದಾರೆ. ಅಂಥ ಹೊತ್ತಿನಲ್ಲಿ ಹೊರಗೇ ನಿಂತು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.